ಗೆರೆ ಕೂಡಿದ ತಿರುಪು

ಕಳೆದ ತಿಂಗಳು ಒಂದು ಭಾನುವಾರ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದೆ. ಹೊರಗೆ ಮಗಳು ಗೆಳತಿಯ ಮದುವೆಗೆಂದು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಫ್ಯಾನಿನ ಗಾಳಿಗೆ ಅದರ ವಾಸನೆ ಒಳಗೆ ಬಂತು. ಮೂಗಿಗೆ ಚುರುಕ್ಕೆನ್ನುವ, ಹೆಚ್ಚು ಹೊತ್ತು ಮೂಸಿದರೆ ತಲೆ ಹಿಡಿಯುವ ವಾಸನೆ. ಅದರಿಂದ ಬೇರೆಯವರಿಗೆ ಮದುವೆಮನೆ ನೆನಪಾಗುತ್ತದೋ ಏನೋ, ನನಗೆ ಬಂದೂಕು ನೆನಪಾಗುತ್ತದೆ. ಬಂದೂಕಿನ ಬೆನ್ನಿಗೇ ದಪ್ಪ ಬಿಳಿ ಮೀಸೆಯ ಒಬ್ಬ ಹಿರಿಯರು ನೆನಪಾಗುತ್ತಾರೆ... ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಕೆಂಪು ಉಗುರುಬಣ್ಣದ ಪುಟ್ಟ ಸೀಸೆ.

ಈ ವಾಸನೆ ಮನೆಯಲ್ಲಿ ಎಷ್ಟೋ ಸಲ ಬಂದಿದೆ. ಪ್ರತಿ ಸಲವೂ ನಾನು ಎದ್ದು ಹೋಗಿ ಕಿಟಕಿ ತೆಗೆದು ಬಂದಿದ್ದೇನೆ. ಅವತ್ತು ಮಾತ್ರ ಏಳಲಿಲ್ಲ. ವಾಸನೆ ಅದರಷ್ಟಕ್ಕೆ ಅದು ಹೋಗುವ ತನಕ ಸೊಪ್ಪು ಹಿಡಿದುಕೊಂಡು ಕುಳಿತೇ ಇದ್ದೆ. ಮಗಳು ಬಂದು, "ಅಮ್ಮಾ, ಕಡ್ಡಿ ಎಲ್ಲಾ ಸೊಪ್ಪಿನಾಗ ಹಾಕಾಕತ್ತೀಯಲ್ಲ" ಅಂದಾಗಲೇ ಎಚ್ಚರವಾದದ್ದು.

ಕಾಲೇಜಿನ ದಿನಗಳಲ್ಲಿ ನಾನು ರೈಫಲ್ ಶೂಟಿಂಗ್ ಮಾಡಿದವಳು ಅಂದರೆ ಈಗ ಯಾರೂ ನಂಬುವುದಿಲ್ಲ. ಪುಣೆಯ ಶಿವಾಜಿನಗರದ ಒಂದು ಕಚೇರಿಯಲ್ಲಿ ಫೈಲು ತಿರುವುತ್ತ, ಲಿಫ್ಟ್ ಕೆಟ್ಟ ದಿನ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಹೆಂಗಸು ನಾನು. ಆಗ ಹಾಗಿರಲಿಲ್ಲ. ಧಾರವಾಡದಿಂದ ಕೆಲಸಕ್ಕೆಂದು ಪುಣೆಗೆ ಬಂದ ಅಪ್ಪ ಬಿಬವೇವಾಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ಕಾಲೇಜಿನ ಶಿಬಿರವೊಂದರಲ್ಲಿ ಮೊದಲ ಸಲ ರೈಫಲ್ ಹಿಡಿದು ಹೊಡೆದಾಗ ಐದು ಗುಂಡುಗಳೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಅದನ್ನು ನೋಡಿದ ತರಬೇತುದಾರರೊಬ್ಬರು ಊರ ಅಂಚಿನ ಶೂಟಿಂಗ್ ಕ್ಲಬ್ಬಿಗೆ ಬಾ ಅಂದರು. ಅವ್ವ ಬೇಡ ಅಂದಳು, ಅಪ್ಪ ಹೂಂ ಅಂದರು. ನಮ್ಮ ಮನೆಯಲ್ಲಿ ಅಪ್ಪನ ಮಾತು ನಡೆದದ್ದು ಅದೊಂದೇ ಸಲ ಇರಬೇಕು.

ಕ್ಲಬ್ಬಿನ ಬಂದೂಕುಗಳೆಲ್ಲ ಒಂದು ಕಬ್ಬಿಣದ ಬಾಗಿಲಿನ ಕೋಣೆಯಲ್ಲಿರುತ್ತಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ಆ ಬಿಳಿ ಮೀಸೆಯ ಹಿರಿಯರು. ಸೈನ್ಯದಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಬಂದೂಕು ರಿಪೇರಿಯ ಕೆಲಸ ಮಾಡಿ, ನಿವೃತ್ತರಾದ ಮೇಲೆ ಊರಿಗೆ ಹೋಗದೆ ಇಲ್ಲೇ ಖಡಕಿಯಲ್ಲಿ ಉಳಿದುಬಿಟ್ಟಿದ್ದರು. ನಾನು ಹೋದ ಮೊದಲ ವಾರ ಕೋಣೆಯೊಳಗಿಂದ ಏನೋ ಟಣ್ ಎಂದು ಬಿದ್ದು ಉರುಳಿದ ಸದ್ದು ಕೇಳಿಸಿತು. ಹಿಂದೆಯೇ ಅಚ್ಚ ಕನ್ನಡದಲ್ಲಿ, "ಎಲ್ಲಿ ಹೋಗಿ ಸತ್ತಿ, ನನ್ನ ಶನಿ!" ಎಂಬ ಬೈಗಳು. ಒಂದು ಸಣ್ಣ ಸ್ಕ್ರೂ ಉರುಳುತ್ತ ಬಂದು ನನ್ನ ಕಾಲ ಬಳಿ ನಿಂತಿತು. ಎತ್ತಿಕೊಟ್ಟು, "ಇಲ್ಲೇ ಅದ ರೀ ನಿಮ್ಮ ಶನಿ" ಅಂದೆ.

ಅವರು ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದರು. "ಕನ್ನಡದಾಕಿ ಏನು ತಂಗಿ? ಯಾ ಊರು ನಿಮ್ದು?" ಅಂದರು. ಧಾರವಾಡ ಅಂದೆ. "ನಾವು ಬೈಲಹೊಂಗಲದ ಕಡೇದಾವ್ರು" ಅಂದರು. ಅಷ್ಟೇ. ಅವತ್ತಿನಿಂದ ಅವರು ನನಗೆ ಕಾಕಾ, ನಾನು ಅವರಿಗೆ ತಂಗಿ. ಕ್ಲಬ್ಬಿನ ತುಂಬ ಮರಾಠಿ, ಸೆಕ್ರೆಟರಿ ಸಾಹೇಬರ ಎದುರಿಗೆ ಇಂಗ್ಲಿಷು. ಆ ಕಬ್ಬಿಣದ ಬಾಗಿಲಿನ ಒಳಗೆ ಮಾತ್ರ ನಮ್ಮಿಬ್ಬರ ಕನ್ನಡ.

ಕಾಕಾ ಮಾತಿಗೆ ಜಿಪುಣರು. ಹಾಗಂತ ಸಿಡುಕರಲ್ಲ. ನಕ್ಕರೆ ಮೀಸೆ ಅಲುಗುತ್ತಿತ್ತೇ ಹೊರತು ಸದ್ದು ಬರುತ್ತಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಕಟಿರೊಟ್ಟಿ, ಶೇಂಗಾ ಚಟ್ನಿ, ಅದರ ಮೇಲೆ ಒಂದು ಹಸಿ ಉಳ್ಳಾಗಡ್ಡಿ. ನನಗೆಂದು ಒಂದು ರೊಟ್ಟಿ ಹೆಚ್ಚಿಗೆ ಇರುತ್ತಿತ್ತು. ನಮ್ಮ ಅವ್ವ ಪುಣೆಗೆ ಬಂದ ಮೇಲೆ ಚಪಾತಿಗೆ ಒಗ್ಗಿಹೋಗಿದ್ದಳು. ಆ ರೊಟ್ಟಿಗಾಗಿಯೇ ನಾನು ಎಷ್ಟೋ ದಿನ ಕ್ಲಾಸು ತಪ್ಪಿಸಿ ಕ್ಲಬ್ಬಿಗೆ ಹೋಗಿದ್ದೇನೆ ಅಂತ ಈಗ ಹೇಳಿದರೆ ತಪ್ಪೇನಿಲ್ಲ.

ಶುರುವಿನಲ್ಲಿ ಒಂದು ದಿನ ನನ್ನ ಗುಂಡುಗಳು ಹಾದಿ ತಪ್ಪಿದವು. ಒಂದು ಮೇಲೆ, ಒಂದು ಕೆಳಗೆ, ಒಂದು ಯಾರ ಮನೆಗೋ ಹೋದಂತೆ ಬಲಕ್ಕೆ. ತರಬೇತುದಾರರು ಉಸಿರು ಸರಿಯಿಲ್ಲ ಅಂದರು, ಮನಸ್ಸು ಇಲ್ಲಿಲ್ಲ ಅಂದರು, ರಾತ್ರಿ ನಿದ್ದೆ ಮಾಡಿದ್ದೀಯಾ ಅಂತ ಕೇಳಿದರು. ನಾನು ರೈಫಲ್ಲಿನ ಹಿಂದಿನ ಸೈಟನ್ನು, ಅಂದರೆ ಗುರಿ ನೋಡುವ ಆ ಸಣ್ಣ ಕಿಂಡಿಯನ್ನು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸುತ್ತಲೇ ಇದ್ದೆ. ತಿರುಗಿಸಿದಷ್ಟೂ ಕೆಟ್ಟಿತು.

ಕಾಕಾ ಬಂದು ರೈಫಲ್ ಇಸಿದುಕೊಂಡರು. ಖಾಲಿ ಇದೆಯೇ ಎಂದು ನೋಡಿ, ಕಿವಿಯ ಹತ್ತಿರ ಹಿಡಿದು ಅಂಗೈಯಿಂದ ಒಂದು ಪೆಟ್ಟು ಕೊಟ್ಟರು. ಟಿಕ್ ಅಂತ ಒಂದು ಸಣ್ಣ ಸದ್ದು. ನನ್ನ ಕಿವಿಗೂ ಹಿಡಿದು ಕೇಳಿಸಿದರು. ಆಮೇಲೆ ಮಗುಚಿ ತೋರಿಸಿದರು. ಕಬ್ಬಿಣದ ಭಾಗವನ್ನು ಕಟ್ಟಿಗೆಯ ಭಾಗಕ್ಕೆ ಹಿಡಿದಿಡುವುದು ಕೆಳಗಿನ ಎರಡೇ ಎರಡು ಸ್ಕ್ರೂ. ಹಿಂದಿನದು ಕೂದಲೆಳೆಯಷ್ಟು ಸಡಿಲಾಗಿತ್ತು. ಗುಂಡು ಹಾರಿದಾಗೊಮ್ಮೆ ಕಬ್ಬಿಣ ಕಟ್ಟಿಗೆಯೊಳಗೆ ಕಂಡೂ ಕಾಣದಷ್ಟು ಸರಿದು, ಪ್ರತಿ ಸಲ ಬೇರೆ ಕಡೆ ಕೂರುತ್ತಿತ್ತು. ಐವತ್ತು ಮೀಟರ್ ಆಚೆ ಅದು ಬೆರಳಗಲದ ತಪ್ಪಾಗುತ್ತದೆ.

"ಹಿಡಿ ಸಡಲಾದ ಕುಡಗೋಲಿಂದ ನೆಟ್ಟಗ ಕೊಯ್ಯಾಕ ಆಗತದೇನು?" ಅಂದರು ಕಾಕಾ. "ನಿಶಾನಿ ತಪ್ಪಿತು ಅಂದ್ರ ಮೊದಲ ತಿರುಪು ನೋಡು. ಆಮ್ಯಾಲ ನಿನ್ನ ನೀ ಬೈಕೋ. ಸೈಟ್ ಮಾತ್ರ ಮುಟ್ಟಬ್ಯಾಡ. ಸಡಲ ಬಂದೂಕಿನ ಬೆನ್ನ ಹತ್ತಿ ಸೈಟ್ ತಿರುಗಿಸ್ಕೋತ ಹ್ವಾದ್ರ ಸಂಜೀತನಾ ತಿರುಗಿಸ್ತಿ."

ಅವರು ಬಿಗಿ ಮಾಡುವುದನ್ನು ನೋಡುವುದೇ ಒಂದು ಸೊಗಸು. ಮುಂದಿನ ಸ್ಕ್ರೂಗೆ ಸ್ವಲ್ಪ, ಹಿಂದಿನದಕ್ಕೆ ಸ್ವಲ್ಪ, ಮತ್ತೆ ಮುಂದಿನದಕ್ಕೆ. ಕಡೆಯ ತಿರುವಿಗೆ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಕಡೆ ಬಂದು ಮಣಿಕಟ್ಟು ತಾನೇ ನಿಂತುಬಿಡುತ್ತಿತ್ತು. ನಾನಾಗಿದ್ದರೆ ಇನ್ನೂ ಜೋರು ಹಾಕುತ್ತಿದ್ದೆ. ಅದೂ ತಪ್ಪಂತೆ, ಹೆಚ್ಚು ಬಿಗಿದರೆ ಕಟ್ಟಿಗೆ ಅಮುಕಿ ಕಬ್ಬಿಣ ಬಾಗುತ್ತದಂತೆ. "ಬಿಗಿ ಅಂದ್ರ ಜೋರಲ್ಲ ತಂಗಿ. ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟ ಇರಬೇಕು" ಅನ್ನುತ್ತಿದ್ದರು.

ಬಿಗಿ ಮಾಡಿ ಮುಗಿದ ಮೇಲೆ ಉಗುರುಬಣ್ಣದ ಸೀಸೆ ಹೊರಗೆ ಬರುತ್ತಿತ್ತು. ಸ್ಕ್ರೂವಿನ ತಲೆಯಿಂದ ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ ಹಾಯುವಂತೆ ಒಂದು ನೇರ ಕೆಂಪು ಗೆರೆ ಎಳೆಯುತ್ತಿದ್ದರು. ಸ್ಕ್ರೂ ಸ್ವಲ್ಪ ತಿರುಗಿದರೂ ಗೆರೆ ತುಂಡಾಗಿ ತೋರಿಬಿಡುತ್ತದೆ, ದೂರದಿಂದಲೇ ತಿಳಿಯುತ್ತದೆ. ಕ್ಲಬ್ಬಿನ ಅಷ್ಟೂ ಬಂದೂಕುಗಳ ಹೊಟ್ಟೆಯ ಮೇಲೆ ಆ ಕೆಂಪು ಗೆರೆಗಳಿದ್ದವು. ಬಣ್ಣ ಕಾಕುದು, ಅಂದರೆ ಅವರ ಹೆಂಡತಿಯದು. ಸೀಸೆ ಸೀಸೆಯಾಗಿ ಮಾಯವಾಗುವುದನ್ನು ನೋಡಿ ನೋಡಿ ಕಾಕು ಒಂದು ದಿನ, ನಿಮಗೆ ಬೇಕಾದ್ದು ನೀವೇ ತಂದುಕೊಳ್ಳಿ ಎಂದು ಓಡಿಸಿದರಂತೆ. ತುಳಶೀಬಾಗ್ ಪೇಟೆಯ ಹೆಂಗಸರ ನೂಕುನುಗ್ಗಲಿನಲ್ಲಿ ಬಿಳಿ ಮೀಸೆಯ ಈ ಫೌಜಿ ನಿಂತು, ಇದು ಬೇಗ ಒಣಗುತ್ತದೋ, ಎಣ್ಣೆಗೆ ಬಿಡುತ್ತದೋ ಎಂದು ಅಂಗಡಿಯವನ ತಲೆ ತಿಂದರಂತೆ. ಮರುದಿನ ಕ್ಲಬ್ಬಿಗೆ ಬಂದಾಗ ಎಡಗೈ ಹೆಬ್ಬೆರಳ ಉಗುರು ಕೆಂಪಗಿತ್ತು. ಪರೀಕ್ಷೆಗೆ ಹಚ್ಚಿ ನೋಡಿದ್ದು, ಹೋಗಲೇ ಇಲ್ಲವಂತೆ. ಒಂದು ವಾರ ಪೂರ್ತಿ ಸೆಕ್ರೆಟರಿ ಸಾಹೇಬರಿಗೆ ಎಡಗೈ ಬೆನ್ನ ಹಿಂದೆ ಇಟ್ಟುಕೊಂಡೇ ಸಲಾಮು ಹೊಡೆದರು.

ಒಮ್ಮೆ ಸಂಕ್ರಾಂತಿಗೆ ಖಡಕಿಯ ಮನೆಗೂ ಕರೆದುಕೊಂಡು ಹೋಗಿದ್ದರು. ಬಾಜಾರದ ಹಿಂದಿನ ಓಣಿ, ಹೆಂಚಿನ ಮನೆ, ಬಾಗಿಲಲ್ಲಿ ತುಳಸಿ. ಕಾಕು ಕೈಗೆ ಕುಸುರೆಳ್ಳು ಕೊಟ್ಟು, "ಇವರ ಬಂದೂಕಿನ ಕಥಿ ಕೇಳಿ ಕೇಳಿ ನಿನ್ನ ತಲಿ ಕೆಟ್ಟಿಲ್ಲೇನವ್ವಾ?" ಅಂದರು. ಆ ಮನೆಯಲ್ಲಿ ಮಕ್ಕಳಿರಲಿಲ್ಲ.

ಎರಡನೆಯ ವರ್ಷ ನನ್ನ ಅಂಕಗಳು ಏರಿದವು. ರಾಜ್ಯ ತಂಡಕ್ಕೆ ಆಯ್ಕೆಯ ಸ್ಪರ್ಧೆ ನಮ್ಮ ಕ್ಲಬ್ಬಿನಲ್ಲೇ ನಡೆಯುವುದಿತ್ತು, ಜುಲೈ ತಿಂಗಳಲ್ಲಿ. ಹುಡುಗಿಯರಲ್ಲಿ ಉಳಿದದ್ದು ಒಂದೇ ಜಾಗ. ಅದು ನನಗೇ ಅಂತ ತರಬೇತುದಾರರು ಎಲ್ಲರ ಎದುರು ಹೇಳಿದ್ದರು. ಅಪ್ಪ ಆಗಲೇ ಧಾರವಾಡಕ್ಕೆ ಕಾಗದ ಬರೆದಿದ್ದರು. ನನಗೆ ರಾತ್ರಿ ಹಗಲು ಅದೇ ಧ್ಯಾನ.

ಕ್ಲಬ್ಬಿನಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು ಗೋಡೆಯ ಮೇಲೆ ಮರಾಠಿಯಲ್ಲಿ ಬರೆದದ್ದು: ಕ್ಲಬ್ಬಿನ ಬಂದೂಕನ್ನು ಆರ್ಮರರ್, ಅಂದರೆ ಕಾಕಾ, ಬಿಟ್ಟು ಬೇರೆ ಯಾರೂ ಬಿಚ್ಚಬಾರದು, ಬಿಚ್ಚಿದವರಿಗೆ ರೇಂಜಿನೊಳಗೆ ಪ್ರವೇಶವಿಲ್ಲ. ಸೆಕ್ರೆಟರಿ ಸಾಹೇಬರು ಅದರಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇನ್ನೊಂದು ಕಾಕಾನದು, ಎಲ್ಲಿಯೂ ಬರೆದಿರಲಿಲ್ಲ: ಮಳೆಯಲ್ಲಿ ತೊಯ್ದ ಬಂದೂಕು ಸೀದಾ ಅವರ ಕೈಗೆ ಹೋಗಬೇಕು. ಕಟ್ಟಿಗೆ ಬೇರೆ ಕಬ್ಬಿಣ ಬೇರೆ ಮಾಡಿ, ಎರಡು ದಿನ ನೆರಳಲ್ಲಿ ಒಣಗಿಸಿದ ಮೇಲೆಯೇ ಅದು ಮತ್ತೆ ಹೊರಗೆ ಬರುವುದು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ನಾನು ಕೊನೆಯ ಅಭ್ಯಾಸ ಮಾಡುತ್ತಿದ್ದೆ. ಮಳೆ ಜೋರಾಯಿತು. ನಾನು ಮಲಗಿ ಹೊಡೆಯುತ್ತಿದ್ದ ಜಾಗದ ಮೇಲಿನ ತಗಡು ಸೋರುತ್ತಿತ್ತು. ನಾನು ನೀರು ಕುಡಿಯಲೆಂದು ರೈಫಲ್ಲನ್ನು ಚಾಪೆಯ ಮೇಲಿಟ್ಟು ಎದ್ದುಹೋದೆ, ಮಾತಿಗೆ ನಿಂತೆ. ವಾಪಸು ಬಂದು ನೋಡಿದರೆ ತಗಡಿನ ಧಾರೆ ನೇರ ಅದರ ಮೇಲೆಯೇ ಬೀಳುತ್ತಿತ್ತು. ಕಟ್ಟಿಗೆಯ ಸಂದಿಯಲ್ಲೆಲ್ಲ ನೀರು. ಕಾಕಾನ ಕೈಗೆ ಕೊಟ್ಟರೆ ಎರಡು ದಿನ ರೈಫಲ್ ಸಿಗುವುದಿಲ್ಲ. ನಾಳೆ ಬೇರೆ ಯಾವುದೋ ಹಳೆಯದರಲ್ಲಿ ಹೊಡೆಯಬೇಕು. ಇದು ನನ್ನ ಭುಜಕ್ಕೆ ಒಗ್ಗಿದ್ದು, ನನ್ನ ಕೆನ್ನೆಗೆ ಒಗ್ಗಿದ್ದು...

ಕಾಕಾ ಊಟ ಮುಗಿಸಿ ಹಿಂದಿನ ಕಟ್ಟೆಯ ಮೇಲೆ ಒಂದು ಗಳಿಗೆ ಒರಗುವ ಹೊತ್ತು ಅದು. ನಾನು ಬಂದೂಕು ಒರೆಸುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅವರ ಸ್ಕ್ರೂಡ್ರೈವರ್ ಮೇಜಿನ ಮೇಲೆಯೇ ಇತ್ತು. ಎರಡೂ ಸ್ಕ್ರೂ ಬಿಚ್ಚಿ, ಕಬ್ಬಿಣವನ್ನು ಎತ್ತಿ, ಒಳಗೆಲ್ಲ ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಮತ್ತೆ ಕೂರಿಸಿದೆ. ತಲೆ ಓಡುತ್ತಿತ್ತು. ಕಾಕಾನ ಬಿಗಿ ನನ್ನ ಮಣಿಕಟ್ಟಿಗೆ ಎಲ್ಲಿಂದ ಬರಬೇಕು? ಆದರೆ ಗೆರೆ ಇದೆಯಲ್ಲ! ಸ್ಕ್ರೂವಿನ ತಲೆಯ ಗೆರೆಯೂ ಪಟ್ಟಿಯ ಗೆರೆಯೂ ಮತ್ತೆ ಕೂಡಿದರೆ ಅವರು ಬಿಟ್ಟಲ್ಲಿಗೇ ಬಂದಂತಾಯಿತು. ತಿರುಗಿಸುತ್ತ ಹೋದೆ. ಬಿಗಿಯಾಗುತ್ತ ಬಂತು. ಗೆರೆಗೆ ಗೆರೆ ಕೂಡಿತು, ನಿಲ್ಲಿಸಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ. ರೈಫಲ್ಲನ್ನು ಅದರ ಜಾಗದಲ್ಲಿಟ್ಟು, ಏನೂ ಆಗಿಲ್ಲದವಳಂತೆ ಮನೆಗೆ ಹೋದೆ.

ಮರುದಿನ ಮಳೆ ಬಿಟ್ಟಿತ್ತು, ಬಿಸಿಲು ಚುರುಚುರು ಅನ್ನುತ್ತಿತ್ತು. ಅರವತ್ತು ಗುಂಡಿನ ಸ್ಪರ್ಧೆ. ಮೊದಲ ಹದಿನೈದು ಇಪ್ಪತ್ತು ಗುಂಡು ಹೇಳಿ ಹೊಡೆದಂತೆ ನಡುವಿಗೇ ಬಿದ್ದವು. ಆಮೇಲೆ ಒಂದು ಎಡಕ್ಕೆ ಹೋಯಿತು. ಉಸಿರು ಅಂದುಕೊಂಡೆ. ಮುಂದಿನದು ನಡುವೆ. ಅದರ ಮುಂದಿನದು ಮತ್ತೆ ಎಡಕ್ಕೆ, ಮೇಲೆ. ಗುಂಡುಗಳು ಎರಡು ಗುಂಪಾಗಿ ಬೀಳತೊಡಗಿದವು, ಆ ಎರಡರ ನಡುವೆ ಏನೂ ಇಲ್ಲ. ಗಲ್ಲವನ್ನು ಕಟ್ಟಿಗೆಗೆ ಒತ್ತಿದಾಗ ಕಿವಿಗೆ ಕೇಳಿಸಿತು... ಟಿಕ್.

ನನಗೆ ಆ ಸದ್ದು ಗೊತ್ತಿತ್ತು. ಕೈಯೆತ್ತಿದರೆ ಸಾಕಿತ್ತು. ಬಂದೂಕಿನಲ್ಲಿ ದೋಷವಿದೆ ಅಂದರೆ ಗಡಿಯಾರ ನಿಲ್ಲಿಸಿ ಆರ್ಮರರನ್ನು ಕರೆಯುತ್ತಾರೆ. ಕಾಕಾ ಹತ್ತು ಹೆಜ್ಜೆ ಹಿಂದೆ ಸ್ಟೂಲಿನ ಮೇಲೆ ಅದಕ್ಕೆಂದೇ ಕುಳಿತಿದ್ದರು. ಆದರೆ ಅವರು ಬಂದರೆ ಮೊದಲು ಮಗುಚಿ ನೋಡುವುದು ಹೊಟ್ಟೆಯನ್ನೇ. ಬಣ್ಣ ಒಡೆದದ್ದು ಕಾಣುತ್ತದೆ, ಹಿಂದೆಯೇ ಸೆಕ್ರೆಟರಿ ಸಾಹೇಬರು ನಿಂತಿರುತ್ತಾರೆ. ನಾನು ಕೈಯೆತ್ತಲಿಲ್ಲ. ಮುಟ್ಟಬೇಡ ಅಂದಿದ್ದ ಸೈಟನ್ನೇ ತಿರುಗಿಸಿದೆ, ಮತ್ತೆ ತಿರುಗಿಸಿದೆ, ಕಾಕಾ ಹೇಳಿದಂತೆ ಕಡೆಯ ಗುಂಡಿನ ತನಕವೂ ತಿರುಗಿಸುತ್ತಲೇ ಇದ್ದೆ. ಜಾಗ ಇನ್ನೊಬ್ಬ ಹುಡುಗಿಗೆ ಹೋಯಿತು.

ತರಬೇತುದಾರರಿಗೆ ನಂಬಲಾಗಲಿಲ್ಲ. ಅವರೇ ರೈಫಲ್ ಎತ್ತಿ ಅಲುಗಾಡಿಸಿ ನೋಡಿದರು. ಈಗಂತೂ ಸದ್ದು ಎಲ್ಲರಿಗೂ ಕೇಳಿಸಿತು. ಸೆಕ್ರೆಟರಿ ಸಾಹೇಬರು ಬಂದವರೇ ಕಾಕಾನ ಮೇಲೆ ಹರಿಹಾಯ್ದರು. ಸ್ಪರ್ಧೆಯ ಬಂದೂಕು ಹೀಗಾ ಕೊಡುವುದು? ಹುಡುಗಿಯ ವರ್ಷ ಹಾಳು ಮಾಡಿದಿರಿ! ಕಾಕಾ ಬಂದೂಕನ್ನು ಮಗುಚಿದರು. ಎರಡೂ ಸ್ಕ್ರೂಗಳ ಗೆರೆ ಕೂಡಿಯೇ ಇತ್ತು. ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು. ಸಂದಿಯಲ್ಲಿ ಬಣ್ಣ ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಹೆಬ್ಬೆರಳಿನಿಂದ ಅದನ್ನು ಒಮ್ಮೆ ಸವರಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ.

"ಮಾಝಂಚ್ ಚುಕಲಂ, ಸಾಹೇಬ" ಅಂದರು ಮರಾಠಿಯಲ್ಲಿ. ತಪ್ಪು ನನ್ನದೇ. ಕೈಯಲ್ಲಿ ಮೊದಲಿನ ಬಿಗಿ ಉಳಿದಿಲ್ಲ, ಕಣ್ಣೂ ಮಂದವಾಗಿದೆ, ಅಂದರು. ಅವರ ಕೈಯಲ್ಲೇನೂ ಆಗಿರಲಿಲ್ಲ, ಕಣ್ಣಿಗೂ ಆಗಿರಲಿಲ್ಲ. ಅಷ್ಟು ಜನರ ನಡುವೆ ಅದು ಗೊತ್ತಿದ್ದವಳು ನಾನೊಬ್ಬಳೇ. ನಾನು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನಿಂತೇ ಇದ್ದೆ.

ಎಲ್ಲರೂ ಚದುರಿದ ಮೇಲೆ ನಾನು ಕಬ್ಬಿಣದ ಬಾಗಿಲಿನ ಹತ್ತಿರ ಹೋಗಿ ನಿಂತೆ. ಕಾಕಾ ಅದೇ ರೈಫಲ್ಲಿನ ಹಿಂದಿನ ಸ್ಕ್ರೂವನ್ನು ಮತ್ತೆ ತಿರುಗಿಸುತ್ತಿದ್ದರು. ಗೆರೆ ಬಿಟ್ಟುಹೋಗಿ, ಪೂರ್ತಿ ಒಂದು ಸುತ್ತು ಹಾಕಿ, ಮತ್ತೆ ಬಂದು ಕೂಡಿತು. ನನ್ನ ಕಡೆ ನೋಡದೆಯೇ ಹೇಳಿದರು, "ಗೆರಿ ಕೂಡಿದ್ರ ಬಿಗಿ ಆತು ಅಂತಲ್ಲ ತಂಗಿ. ಪೂರಾ ಒಂದು ಸುತ್ತು ಕಡಿಮಿ ಇದ್ರೂ ಗೆರಿ ಕೂಡತಾವ. ತೊಯ್ದ ಕಟಗಿ ಉಬ್ಬಿರ್ತದ, ಕೈಗೆ ಬಿಗಿ ಆಧಂಗ ಅನಸ್ತದ. ಬಿಸಲಿಗೆ ಆರಿದ ಮ್ಯಾಲ ಖರೇ ಗೊತ್ತಾಗತದ."

ಎಲ್ಲ ಗೊತ್ತಾಗಿತ್ತು ಅವರಿಗೆ. ಮಳೆ, ತೊಯ್ದದ್ದು, ಬಿಚ್ಚಿದ್ದು, ಎಲ್ಲಿ ನಿಲ್ಲಿಸಿದೆ ಅನ್ನುವುದೂ. ಆಗ ನಾನು ಒಂದು ಮಾತು ಆಡಬೇಕಿತ್ತು. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತರು. ಬೇಕೆಂದೇ ತಡಮಾಡುತ್ತಿದ್ದರು ಅಂತ ಈಗ ಅನಿಸುತ್ತದೆ. ನಾನು, "ಬಸ್ ತಪ್ಪತದ ಕಾಕಾ, ಹೋಗ್ತೇನಿ" ಅಂದೆ. "ಹೋಗಿ ಬಾ" ಅಂದರು.

ಅದಾದ ಮೇಲೆ ಸ್ಪರ್ಧೆಯ ಬಂದೂಕುಗಳನ್ನು ಅವರ ಕೈಯಿಂದ ತೆಗೆದರು. ಸ್ಕ್ರೂ ಎಷ್ಟು ಬಿಗಿಯಾಯಿತೆಂದು ಅಂಕಿಯಲ್ಲಿ ತೋರಿಸುವ ಹೊಸ ಸಾಮಾನು ಹಿಡಿದುಕೊಂಡು ಬೇರೆಯವರು ಬಂದರು. ಕಾಕಾನಿಗೆ ಟಾರ್ಗೆಟ್ ಕಾಗದಗಳನ್ನು ಹಲಗೆಗೆ ಅಂಟಿಸುವ ಕೆಲಸ ಕೊಟ್ಟರು. ಬಕೆಟ್ಟಿನಲ್ಲಿ ಅಂಟು ಕಲಸಿಕೊಂಡು, ಬಿಸಿಲಲ್ಲಿ ಕುಳಿತು ಅಂಟಿಸುತ್ತಿದ್ದರು. ನಾನು ದಾಟಿಹೋದರೆ "ಊಟ ಆತೇನು ತಂಗಿ" ಅನ್ನುತ್ತಿದ್ದರು, ಮೊದಲಿನ ಹಾಗೆಯೇ. ರೊಟ್ಟಿಗೆ ಹೋಗುವುದನ್ನು ನಾನೇ ಬಿಟ್ಟೆ. ನಾಳೆ ಹೇಳುತ್ತೇನೆ, ಸೋಮವಾರ ಹೇಳುತ್ತೇನೆ, ಪರೀಕ್ಷೆ ಮುಗಿದ ಮೇಲೆ ಹೇಳುತ್ತೇನೆ... ದೀಪಾವಳಿ ಕಳೆದು ಕ್ಲಬ್ಬಿಗೆ ಹೋದಾಗ ಬಿಸಿಲಿನ ಆ ಜಾಗದಲ್ಲಿ ಬೇರೆ ಯಾರೋ ಕುಳಿತಿದ್ದರು. ಕಾಕಾ ಕೆಲಸ ಬಿಟ್ಟರಂತೆ. ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ.

ಮರುವರ್ಷ ರಾಜ್ಯ ತಂಡದಲ್ಲಿ ನನಗೆ ಜಾಗ ಸಿಕ್ಕಿತು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಎರಡು ಪದಕಗಳೂ ಬಂದವು. ಆಮೇಲೆ ನೌಕರಿ, ಮದುವೆ, ಮಗಳು. ಬಂದೂಕು ದೂರವಾಯಿತು. ಪದಕಗಳು ಈಗ ಕಪಾಟಿನ ಮೇಲಿನ ಡಬ್ಬಿಯಲ್ಲಿ, ಹಳೆ ಚಾವಿಗಳ ಜೊತೆಗಿವೆ. ಬಿಬವೇವಾಡಿಯಿಂದ ಖಡಕಿ ಏನು ಕಾಶಿಯೇ? ಎರಡು ಬಸ್ಸಿನ ಹಾದಿ. ಆ ಎರಡು ಬಸ್ಸು ಹತ್ತಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು.

ಸೊಪ್ಪು ಸೋಸಿದ ಆ ಭಾನುವಾರದ ಮುಂದಿನ ಭಾನುವಾರ ಹೋದೆ. ಬಾಜಾರ ಗುರುತು ಸಿಗದಷ್ಟು ಬದಲಾಗಿತ್ತು, ಓಣಿ ಹಾಗೆಯೇ ಇತ್ತು. ಹೆಂಚಿನ ಜಾಗದಲ್ಲಿ ತಗಡು ಬಂದಿತ್ತು, ಬಾಗಿಲಲ್ಲಿ ತುಳಸಿ ಇತ್ತು. ಬಾಗಿಲು ತೆಗೆದವರು ಕಾಕು. ಕೂದಲು ಪೂರ್ತಿ ಬೆಳ್ಳಗಾಗಿ, ಸಣ್ಣಗಾಗಿದ್ದರು. ಹಣೆ ಖಾಲಿ ಇತ್ತು.

ನಾನು ಯಾರೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಧಾರವಾಡದ ಹುಡುಗಿ" ಅಂದರು. ಕಾಕಾ ಹೋಗಿ ಮೂರು ವರ್ಷವಾಗಿತ್ತು. ಗೋಡೆಯ ಮೇಲಿನ ಫೋಟೋದಲ್ಲಿ ಅದೇ ಮೀಸೆ. ಒಳಗೆ ಹೋಗಿ ಚಾಪೆಯ ಮೇಲೆ ಕುಳಿತವಳೇ, ಮತ್ತೆಲ್ಲಿ ಬಾಯಿ ಕಟ್ಟೀತೋ ಎಂದು ಹೆದರಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಮಳೆ, ಸ್ಕ್ರೂ, ಗೆರೆ, ಕೈಯೆತ್ತದೆ ಇದ್ದದ್ದು, ಕಾಕಾ ಬೈಸಿಕೊಳ್ಳುವಾಗ ಸುಮ್ಮನೆ ನಿಂತಿದ್ದದ್ದು. ಹೇಳುತ್ತ ಹೇಳುತ್ತ ಅಳು ಬಂತು. ಐವತ್ತರ ಹತ್ತಿರ ಬಂದ ಹೆಂಗಸು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಅತ್ತೆ.

ಮುಗಿದ ಮೇಲೆ ಕಾಕು, "ಅವರಿಗೆ ಗೊತ್ತಿತ್ತವ್ವಾ" ಅಂದರು. "ಅವತ್ತ ಸಂಜೀಕ ಮನಿಗೆ ಬಂದು ನನ್ನ ಮುಂದ ಹೇಳಿದ್ರು. ಹುಡುಗಿ ತಾನ ಬಿಚ್ಚ್ಯಾಳ, ಹೆದರ್ಯಾಳ, ಇಲ್ಲಿಗೆ ಬಂದು ಹೇಳ್ತಾಳ. ಬಂದ್ರ ಏನೂ ಅನಬ್ಯಾಡ, ಚಾ ಮಾಡಿ ಕೊಡು ಅಂದ್ರು. ಕೆಲಸ ಬಿಟ್ಟ ಮ್ಯಾಲೂ ರವಿವಾರ ಬಂತಂದ್ರ ಬಾಗಲಾಗ ಕೂಡತಿದ್ರು. ಭಾಳ ದಿನಾ ಹಾದಿ ನೋಡಿದ್ರು." ಫೋಟೋದ ಕಡೆ ನೋಡಿ, "ನೀ ಇಷ್ಟ ತಡಾ ಮಾಡ್ತಿ ಅಂತ ಅವರಿಗೆ ಗೊತ್ತಿರಲಿಲ್ಲ" ಅಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ಅವರು ಮೊಣಕಾಲಿಗೆ ಕೈ ಊರಿ ಎದ್ದರು. "ಕೂಡು, ಚಾ ಮಾಡ್ತೇನಿ."

ನಾನೂ ಅವರ ಹಿಂದೆಯೇ ಒಳಗೆ ಹೋದೆ. ಆ ಅಡುಗೆಮನೆಯಲ್ಲಿ ಎಲ್ಲೆಲ್ಲೂ ಕಾಕಾ ಇದ್ದರು. ಕಿಟಕಿಯ ಕೀಲಿಗೆ, ಗ್ಯಾಸಿನ ಕಟ್ಟೆಯ ಮೇಲಿನ ಹಲಗೆಗೆ, ಕುಕ್ಕರಿನ ಹಿಡಿಗೆ, ಎಲ್ಲೆಲ್ಲಿ ಒಂದು ಸ್ಕ್ರೂ ಇದೆಯೋ ಅಲ್ಲೆಲ್ಲ ಒಂದು ಸಣ್ಣ ಕೆಂಪು ಗೆರೆ. ಎಣ್ಣೆ ಹೊಗೆಗೆ ಕಪ್ಪಾಗಿದ್ದವು, ಆದರೂ ನೇರವಾಗಿದ್ದವು. ಕಾಕು ಉದ್ದ ಹಿಡಿಯ ಪಾತ್ರೆಯಲ್ಲಿ ನೀರಿಟ್ಟರು. ಚಹಾ ಕುದಿದ ಮೇಲೆ ಎತ್ತುವಾಗ ಹಿಡಿ ಲಟಲಟ ಅಲುಗಿತು. ಬಿಸಿ ಚಹಾ ಕೈಮೇಲೆ ಬಿದ್ದೀತೆಂದು ನಾನು ಗಾಬರಿಯಾಗಿ ಹಿಡಿದುಕೊಂಡೆ.

"ಅವರು ಹ್ವಾದ ಮ್ಯಾಲ ಒಮ್ಮೆ ಕಳಚಿ ಬಿದ್ದಿತ್ತು" ಅಂದರು ಕಾಕು. "ನಾನ ಕೂಡಿಸೇನಿ. ಗೆರಿಗೆ ಗೆರಿ ಬರೋಬ್ಬರಿ ಹಚ್ಚೇನಿ ನೋಡು. ಆದ್ರೂ ಯಾಕೋ ಅಲಗ್ಯಾಡತದ."

ಬಾಗಿ ನೋಡಿದೆ. ಸ್ಕ್ರೂವಿನ ತಲೆಯ ಗೆರೆ, ಹಿಡಿಯ ಮೇಲಿನ ಗೆರೆ, ಎರಡೂ ಸರಿಯಾಗಿ ಕೂಡಿದ್ದವು. ಸಂದಿಯಲ್ಲಿ ಕೂದಲಿನಷ್ಟು ಬಿರುಕು. ಚಹಾ ಸೋಸಿ ಪಾತ್ರೆ ಖಾಲಿ ಮಾಡಿ, ಸ್ಕ್ರೂಡ್ರೈವರ್ ಎಲ್ಲಿದೆ ಅಂತ ಕೇಳಿದೆ. ಕಾಕು ಕಪಾಟಿನಿಂದ ತೆಗೆದುಕೊಟ್ಟದ್ದು ಅದೇ, ಕ್ಲಬ್ಬಿನ ಮೇಜಿನ ಮೇಲಿರುತ್ತಿದ್ದ ಕಟ್ಟಿಗೆ ಹಿಡಿಯದು. ಪಾತ್ರೆಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ತಿರುಗಿಸಿದೆ. ಗೆರೆ ಬಿಟ್ಟುಕೊಂಡಿತು. ಕಾಲು ಸುತ್ತು, ಅರ್ಧ, ಮುಕ್ಕಾಲು. ಕಡೆಯ ತಿರುವಿಗೆ ನಾನೂ ಕಣ್ಣು ಮುಚ್ಚಿದೆ. ಮಣಿಕಟ್ಟು ನಿಂತಾಗ ತೆರೆದು ನೋಡಿದರೆ ಗೆರೆ ಮತ್ತೆ ಕೂಡಿತ್ತು.

ಕಾಕು ಪಾತ್ರೆಯನ್ನು ಹಿಡಿದು ಅಲುಗಾಡಿಸಿದರು. ಅಲುಗಲಿಲ್ಲ. "ಹಾಂ, ಅವರಿದ್ದಾಗ ಹಿಂಗ ಇತ್ತು" ಅಂದರು. ಆಮೇಲೆ ನಾವಿಬ್ಬರೂ ಫೋಟೋದ ಕೆಳಗೆ ಕುಳಿತು ಆರಿಹೋದ ಚಹಾ ಕುಡಿದೆವು.